ಎರೆಹುಳುವಿನ ಹೆಸರು ಹೊತ್ತ ಹಲಗೆ

ಕಳೆದ ಏಪ್ರಿಲ್ ತಿಂಗಳಿನಲ್ಲಿ ಇನ್ನಂಜೆಯ ಕೃಷಿಕ ಮಿತ್ರರೊಬ್ಬರ ಮನೆಗೆ ಹೋಗುವ ಸಂದರ್ಭ ಒದಗಿತು. ಘಟ್ಟದ ಮೇಲಿನಿಂದ ಇಳಿದು ಬರುವ ನಮ್ಮಂಥವರಿಗೆ ಕರಾವಳಿಯ ಏಪ್ರಿಲ್ ಎಂದರೆ ಬೆವರಿನಲ್ಲಿ ತೊಯ್ದ ಅಂಗಿಯನ್ನು ಹಿಂಡಿ ಒಣಹಾಕುವ ತಿಂಗಳು. ಮಿತ್ರರದು ಶಂಕರಪುರದ ಕಡೆಗೆ ಹೊಂದಿಕೊಂಡ ಸಣ್ಣ ಹಿಡುವಳಿ. ಅಂಗಳದ ತುಂಬ ಮಲ್ಲಿಗೆ ಗಿಡಗಳು. ಹಳೆಯ ಹಂಚಿನ ಮನೆಯ ಪಕ್ಕದಲ್ಲಿಯೇ ಹೊಸ ತಾರಸಿ ಮನೆ ಎದ್ದಿದೆ. ಮಹಡಿಯ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ಕುಳಿತುಕೊಳ್ಳುವುದು ಅಸಾಧ್ಯ ಎಂಬುದು ಗೃಹಪ್ರವೇಶವಾದ ಮೊದಲ ಬೇಸಿಗೆಯಲ್ಲಿಯೇ ಅವರಿಗೆ ಅರಿವಾಗಿತ್ತು. ಅದಕ್ಕೆ ಪರಿಹಾರವೆಂದು ಒಳಾಂಗಣ ಕೆಲಸದ ಗುತ್ತಿಗೆದಾರರೊಬ್ಬರು ಒಂದು ಹಲಗೆಯ ತುಂಡನ್ನು ಮಾದರಿಗಾಗಿ ಕೊಟ್ಟು ಹೋಗಿದ್ದರು. ಅರ್ಧ ಅಂಗುಲ ದಪ್ಪ, ತಿಳಿ ಕಂದು ಬಣ್ಣ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಚಿನ್ನದಂತೆ ಮಿನುಗುವ ಕಣಗಳು.

"ಇದು ಎರೆಹುಳದ ಹಲಗೆಯಂತೆ ಮಾರಾಯ್ರೆ. ವರ್ಮಿ ಎಂದರೆ ನಿಮ್ಮ ಇಲಾಖೆಯದ್ದೇ ಅಲ್ವಾ?" ಎಂದು ಮಿತ್ರರು ಕೇಳಿದರು.

ನಗು ಬಂದರೂ ಪ್ರಶ್ನೆ ಅಸಂಬದ್ಧವಾಗಿರಲಿಲ್ಲ. ಆ ಹಲಗೆಯ ಹೆಸರು ವರ್ಮಿಕ್ಯುಲೈಟ್ ಬೋರ್ಡ್. ವರ್ಮಿಕಾಂಪೋಸ್ಟ್ ಎಂಬ ಮಾತಿನಲ್ಲಿರುವ ಲ್ಯಾಟಿನ್ ಮೂಲದ ಹುಳುವೇ ಇಲ್ಲಿಯೂ ಇದೆ. ಈ ಖನಿಜವನ್ನು ಕಾಯಿಸಿದಾಗ ಹರಳುಗಳು ಹಿಗ್ಗಿ, ಡೊಂಕಾಗಿ, ಹುಳುಗಳು ಹೊರಳಿದಂತೆ ಕಾಣುತ್ತವೆ ಎಂಬ ಕಾರಣಕ್ಕೆ 1824ರಲ್ಲಿ ಅಮೆರಿಕದಲ್ಲಿ ಈ ಹೆಸರನ್ನಿಡಲಾಯಿತು. ಎರೆಹುಳುವಿಗೂ ಹಲಗೆಗೂ ಇರುವ ನಂಟು ಇಷ್ಟೇ. ಆದರೆ ಗುತ್ತಿಗೆದಾರರು ಈ ಹಲಗೆಯ ವಿಷಯದಲ್ಲಿ ಎರಡು ಭರವಸೆಗಳನ್ನು ಕೊಟ್ಟಿದ್ದರು: ಬೆಂಕಿ ಹಿಡಿಯುವುದಿಲ್ಲ, ಸೆಕೆ ಇಳಿಯುವುದಿಲ್ಲ. ಮೊದಲನೆಯದು ನಿಜ, ಎರಡನೆಯದು ಬಹುಮಟ್ಟಿಗೆ ನಿಜವಲ್ಲ, ಅವರು ಹೇಳದೆ ಬಿಟ್ಟ ಮೂರನೆಯ ಸಂಗತಿಯೊಂದಿದೆ, ಅದನ್ನು ಕೇಳಿ ತಿಳಿಯದೆ ಹಲಗೆಯನ್ನು ಮನೆಯೊಳಗೆ ತರಬಾರದು ಎಂದು ನಾನು ಮಿತ್ರರಿಗೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿಯೂ ಹೋಮ್‌ಸ್ಟೇಗಳ ಹೆಸರಿನಲ್ಲಿ ಒಳಮಾಡಿನ ಅಲಂಕಾರ ಭರದಿಂದ ಸಾಗಿರುವುದರಿಂದ ಈ ಮಾತು ಕರಾವಳಿಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ವರ್ಮಿಕ್ಯುಲೈಟ್ ಅಭ್ರಕದ ಹತ್ತಿರದ ಬಂಧು. ಕಪ್ಪು ಅಥವಾ ಕಂದು ಅಭ್ರಕವು ನೆಲದೊಳಗೆ ಬಹುಕಾಲ ನೀರಿನ ಸಂಪರ್ಕದಲ್ಲಿದ್ದು ಶಿಥಿಲಗೊಂಡಾಗ ಅದರ ಪದರಗಳ ನಡುವಿನ ಪೊಟ್ಯಾಷ್ ಹೊರಹೋಗಿ, ಆ ಜಾಗದಲ್ಲಿ ಮೆಗ್ನೀಸಿಯಂ ಮತ್ತು ನೀರು ಸೇರಿಕೊಳ್ಳುತ್ತವೆ. ಪತ್ರೊಡೆಯ ಸುರುಳಿಯಲ್ಲಿ ಕೆಸುವಿನ ಎಲೆಗಳ ನಡುವೆ ಹಿಟ್ಟು ಕುಳಿತಿರುತ್ತದಲ್ಲ, ಹಾಗೆ ಸಿಲಿಕೇಟ್ ಪದರಗಳ ನಡುವೆ ನೀರು ಕುಳಿತಿರುತ್ತದೆ. ಇಂತಹ ಖನಿಜವನ್ನು ಒಮ್ಮೆಲೇ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಿದರೆ ಒಳಗಿನ ನೀರು ಕ್ಷಣಮಾತ್ರದಲ್ಲಿ ಹಬೆಯಾಗಿ ಪದರಗಳನ್ನು ದೂಡುತ್ತದೆ. ಬಾಣಲೆಯಲ್ಲಿ ಭತ್ತ ಅರಳಾಗುವುದೂ ಹೀಗೆಯೇ. ಖನಿಜದ ಗಾತ್ರ ಎಂಟು ಹತ್ತು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಗ್ಗುತ್ತದೆ. ಹೀಗೆ ಅರಳಿದ ಹಗುರವಾದ ಕಣಗಳನ್ನು ಸೋಡಿಯಂ ಅಥವಾ ಪೊಟ್ಯಾಸಿಯಂ ಸಿಲಿಕೇಟಿನಂತಹ ಅಂಟಿನೊಂದಿಗೆ ಬೆರೆಸಿ, ಬಿಸಿಯಾಗಿ ಒತ್ತಿ ಮಾಡಿದ್ದೇ ಈ ಹಲಗೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ಮಣ್ಣು ವಿಜ್ಞಾನದ ದೃಷ್ಟಿಯಿಂದ ವರ್ಮಿಕ್ಯುಲೈಟ್ ಬಹು ಶ್ರೀಮಂತ ಜೇಡಿ. ಅದರ ಧನ ಅಯಾನು ವಿನಿಮಯ ಸಾಮರ್ಥ್ಯ 100 ಗ್ರಾಂಗೆ 100ರಿಂದ 150 ಮಿಲಿ ಈಕ್ವಿವಲೆಂಟ್. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣಿನಲ್ಲಿ ಪ್ರಧಾನವಾಗಿರುವ ಕೆಯೊಲಿನೈಟಿಗೆ ಇದು 15ನ್ನೂ ದಾಟುವುದಿಲ್ಲ. ನಾಲ್ಕು ಸಾವಿರ ಮಿಲಿಮೀಟರ್ ಮಳೆ ಯುಗಯುಗಗಳಿಂದ ತೊಳೆದ ನೆಲವಿದು. ಇಲ್ಲಿ ಶಿಥಿಲೀಕರಣವು ವರ್ಮಿಕ್ಯುಲೈಟಿನ ಹಂತದಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ, ಕೆಯೊಲಿನೈಟು ಮತ್ತು ಕಬ್ಬಿಣದ ಆಕ್ಸೈಡುಗಳಲ್ಲಿ ಬಂದು ನಿಂತಿದೆ. ಆದ್ದರಿಂದ ಈ ಹಲಗೆಯ ಕಚ್ಚಾ ಸಾಮಗ್ರಿ ಎಂದಿಗೂ ಇನ್ನಂಜೆಯ ನೆಲದ್ದಲ್ಲ. ಅದು ದೂರದಿಂದ ಬರಬೇಕು. ಎಲ್ಲಿಂದ ಎಂಬುದೇ ನಾನು ಮೂರನೆಯ ಸಂಗತಿ ಎಂದದ್ದು.

ಮೊದಲು ಬೆಂಕಿಯ ಮಾತು. ಹಲಗೆಯಲ್ಲಿರುವುದೆಲ್ಲ ಖನಿಜ, ಉರಿಯಬಲ್ಲ ವಸ್ತು ಅದರಲ್ಲಿಲ್ಲ. ಸಾವಿರ ಡಿಗ್ರಿಯ ಶಾಖವನ್ನೂ ಅದು ತಾಳುತ್ತದೆ. ಮುಖ್ಯವಾಗಿ ಹೊಗೆಯುಗುಳುವುದಿಲ್ಲ. ಕಟ್ಟಡಗಳ ಬೆಂಕಿಯಲ್ಲಿ ಜನ ಸುಟ್ಟು ಸಾಯುವುದಕ್ಕಿಂತ ಹೊಗೆಯಲ್ಲಿ ಉಸಿರುಗಟ್ಟಿ ಸಾಯುವುದೇ ಹೆಚ್ಚು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ತೀರಿಕೊಂಡ ದುರಂತ ಅನೇಕರ ನೆನಪಿನಲ್ಲಿರಬಹುದು. ವಿದ್ಯುತ್ ತಂತಿಗಳು ಹಾದುಹೋಗುವ ನಾಳದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಯಿಂದ ಮಹಡಿಗೆ ಏರಿತು. ಹೊರಬರುವ ದಾರಿ ಕಾಣದೆ ಕೆಲವರು ಕಿಟಕಿಗಳಿಂದ ಹಾರಿದರು. ಅಂತಹ ನಾಳಗಳನ್ನು ಪ್ರತಿ ಮಹಡಿಯಲ್ಲಿಯೂ ಉರಿಯದ ವಸ್ತುವಿನಿಂದ ಮುಚ್ಚಿ ಬಿಗಿಮಾಡಬೇಕೆಂಬುದು ಅಗ್ನಿ ಸುರಕ್ಷತೆಯ ಮೊದಲ ಪಾಠ. 2011ರ ಡಿಸೆಂಬರಿನಲ್ಲಿ ಕೋಲ್ಕತ್ತದ ಎ.ಎಂ.ಆರ್.ಐ. ಆಸ್ಪತ್ರೆಯಲ್ಲಿ ಸುಮಾರು 90 ಮಂದಿಯನ್ನು ಬಲಿತೆಗೆದುಕೊಂಡದ್ದೂ ನೆಲಮಾಳಿಗೆಯಿಂದ ಎದ್ದ ಹೊಗೆಯೇ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಮಂದಿ ಸತ್ತಾಗ ಬೆಂಕಿಯನ್ನು ಮೇಲಕ್ಕೆ ಹೊತ್ತೊಯ್ದದ್ದು ಕಟ್ಟಡವನ್ನು ಚಂದಗಾಣಿಸಿ ಬೆಚ್ಚಗಿಡಲೆಂದು ಹೊರಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ಗರ್ಭದ ತಗಡು ಮತ್ತು ಫೋಮ್.

ಇಂದು ನಮ್ಮ ಹಳ್ಳಿಗಳ ಒಳಮಾಡಿಗೆ ಬರುತ್ತಿರುವ ಪಿ.ವಿ.ಸಿ. ಪಟ್ಟಿ, ಥರ್ಮೋಕೋಲ್, ಫೋಮ್ ಹಾಳೆಗಳು ಅದೇ ಕುಲದವು. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಹೊಮ್ಮುತ್ತದೆ; ಪಾಲಿಯುರಿಥೇನ್ ಫೋಮ್ ಸುಟ್ಟರೆ ಸಯನೈಡ್. ಇವುಗಳಿಗೆ ಹೋಲಿಸಿದರೆ ವರ್ಮಿಕ್ಯುಲೈಟ್ ಹಲಗೆ ಸಜ್ಜನ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು. ಪರಿಸರವಾದಿಗಳೆಂದರೆ ಅಂಗಡಿಯಲ್ಲಿ ಸಿಗುವ ಹೊಸ ವಸ್ತುವನ್ನೆಲ್ಲ ಬೈಯುವವರು ಎಂಬ ಅಪಖ್ಯಾತಿ ನಮಗಿದೆ; ಅದಕ್ಕೆ ನಾವೂ ಸ್ವಲ್ಪಮಟ್ಟಿಗೆ ಕಾರಣರು.

ಆದರೆ ಬೆಂಕಿ ತಡೆ ಎಂದರೆ ಬೆಂಕಿಯೇ ಬಾರದು ಎಂದಲ್ಲ. ತಡೆ ಎಂದರೆ ಸಮಯ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಎಂದು ಅಳೆದು ಹೇಳುವ ಸಮಯ. ಮಲಗಿದ್ದವರು ಎದ್ದು ಹೊರಬರಲು, ಅಗ್ನಿಶಾಮಕ ವಾಹನವು ಓಣಿ ದಾಟಿ ಬರಲು ದೊರೆಯುವ ಸಮಯ. ಆ ಅವಧಿಯನ್ನು ಬರಿಯ ಹಲಗೆಗೆ ಹೇಳುವಂತಿಲ್ಲ. ಹಲಗೆಯ ದಪ್ಪ, ಅದನ್ನು ಹಿಡಿದಿಟ್ಟ ಚೌಕಟ್ಟು, ತಿರುಪುಗಳ ಅಂತರ, ಸಂದುಗಳನ್ನು ತುಂಬಿದ ಬಗೆ ಎಲ್ಲವೂ ಸೇರಿದ ಇಡೀ ಜೋಡಣೆಯನ್ನು ಕುಲುಮೆಗೆ ಒಡ್ಡಿ ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 3809 ಎಂಬ ಮಾನಕವಿದೆ. ಎರಡು ಗಂಟೆ ತಾಳುವ ಹಲಗೆಯನ್ನು ತಂದು, ಪ್ಲಾಸ್ಟಿಕ್ ಗೂಟ ಬಡಿದು ನೇತುಹಾಕಿ, ನಡುವೆ ದೀಪಕ್ಕೆಂದು ಎಂಟು ತೂತು ಕೊರೆದರೆ ಉಳಿಯುವುದು ಹಲಗೆಯ ಹೆಸರು ಮಾತ್ರ.

ಇನ್ನು ಸೆಕೆಯ ಮಾತು. ಗುತ್ತಿಗೆದಾರರ ಮಾತಿನಲ್ಲಿ ಬೆಂಕಿ ತಡೆಯುವುದೂ ಶಾಖ ತಡೆಯುವುದೂ ಒಂದೇ ಆಗಿಬಿಡುತ್ತದೆ. ಅವೆರಡೂ ಬೇರೆ. ಶಾಖ ತಡೆಯ ಲೆಕ್ಕ ಸರಳವಾದದ್ದು. ಪ್ರೌಢಶಾಲೆಯ ಮಕ್ಕಳೂ ಮಾಡಬಹುದು. ಮೀಟರಿನಲ್ಲಿ ಅಳೆದ ದಪ್ಪವನ್ನು ಆ ವಸ್ತುವಿನ ಶಾಖವಾಹಕತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅದರ ತಡೆ. ಒತ್ತಿ ಮಾಡಿದ ವರ್ಮಿಕ್ಯುಲೈಟ್ ಹಲಗೆಯ ವಾಹಕತೆ ಸುಮಾರು 0.15 ಎಂದಿಟ್ಟುಕೊಂಡರೆ 12 ಮಿಲಿಮೀಟರ್ ಹಲಗೆಯ ತಡೆ 0.08. ಕಾಂಕ್ರೀಟಿನ ವಾಹಕತೆ ಸುಮಾರು 1.5, 120 ಮಿಲಿಮೀಟರ್ ದಪ್ಪದ ತಾರಸಿಯ ತಡೆಯೂ 0.08. ಎಂದರೆ ಯಾವ ತಾರಸಿಯ ಸೆಕೆಯನ್ನು ತಾಳಲಾರದೆ ಹಲಗೆ ತರಿಸಿದೆವೋ, ಆ ತಾರಸಿಯಷ್ಟೇ ಇನ್ನೊಂದು ತಡೆಯನ್ನು ಈ ಹಲಗೆ ಸೇರಿಸುತ್ತದೆ. ಎರಡು ಅಂಗುಲ ದಪ್ಪದ ಖನಿಜ ಉಣ್ಣೆಯ ತಡೆ ಇದಕ್ಕಿಂತ ಹದಿನೈದು ಪಟ್ಟು ಹೆಚ್ಚು. ಹಾಗಾದರೆ ಹಲಗೆ ಹಾಕಿಸಿದವರು ಸೆಕೆ ಕಡಿಮೆಯಾಯಿತು ಎನ್ನುವುದು ಸುಳ್ಳೇ? ಸುಳ್ಳಲ್ಲ. ತಾರಸಿಗೂ ಹಲಗೆಗೂ ನಡುವೆ ಬಿಟ್ಟ ಗಾಳಿಯ ತೆರಪು ಹಲಗೆಯ ಎರಡು ಪಟ್ಟು ಕೆಲಸ ಮಾಡಿರುತ್ತದೆ. ಆ ತೆರಪನ್ನು ಒಂದು ಓಲೆಯ ಚಾಪೆಯನ್ನು ಕಟ್ಟಿಯೂ ಪಡೆಯಬಹುದಿತ್ತು. ಚಾಪೆಯಾದರೆ ಬೆಂಕಿಯ ಭಯ, ಅಷ್ಟೇ.

ಅಲ್ಲದೆ ನಮ್ಮ ಕರಾವಳಿಯ ಸಂಕಟ ಬರಿಯ ಬಿಸಿಯದ್ದಲ್ಲ, ತೇವದ್ದು. ಉಷ್ಣಮಾಪಕ 35 ತೋರಿಸಿದರೂ ಮೈಯ ಬೆವರು ಆರದಿರುವುದೇ ಇಲ್ಲಿಯ ಸೆಕೆ. ಅದಕ್ಕೆ ಬೇಕಾದದ್ದು ಗಾಳಿಯ ಓಡಾಟ. ಎತ್ತರವಾಗಿದ್ದ ಮಾಡನ್ನು ಒಂದೂವರೆ ಅಡಿ ಕೆಳಗಿಳಿಸಿ, ಗವಾಕ್ಷಿಗಳನ್ನು ಮುಚ್ಚುವ ಒಳಮಾಡು ಎಷ್ಟು ಶಾಖ ತಡೆದರೇನು ಬಂತು? ಮಳೆಗಾಲದ ನಾಲ್ಕು ತಿಂಗಳು ನೀರು ಹೀರುವ ಈ ಹಲಗೆ, ಅದರ ಸಂಗಾತಿ ಜಿಪ್ಸಂ ಹಲಗೆ, ಎರಡೂ ಬೂಷ್ಟು ಹಿಡಿಯುವ ಸಂಭವವಿದೆ. ತೆರಪಿನಲ್ಲಿ ಇಲಿಗಳು ಸಂಸಾರ ಹೂಡಿ ತಂತಿ ಕಡಿಯುವುದನ್ನು ಯಾರೂ ಮಾದರಿ ತುಂಡಿನೊಡನೆ ಹೇಳುವುದಿಲ್ಲ.

ನಮ್ಮ ಹಿರಿಯರು ಬೆಂಕಿ ಮತ್ತು ಸೆಕೆಗಳನ್ನು ಎದುರಿಸಿದ ಬಗೆ ಮಿತ್ರರ ಹಳೆಯ ಮನೆಯಲ್ಲಿಯೇ ಇತ್ತು. ನಾವು ಕುಳಿತದ್ದು ಆ ಮನೆಯ ಚಾವಡಿಯಲ್ಲಿ, ಮುಚ್ಚಿಗೆಯ ಅಡಿಯಲ್ಲಿ. ಹಲಸಿನ ಮರದ ಹಲಗೆಗಳನ್ನು ಒತ್ತಾಗಿ ಜೋಡಿಸಿ, ಅದರ ಮೇಲೆ ಮೂರು ಬೆರಳು ದಪ್ಪಕ್ಕೆ ಮಣ್ಣು ಮೆತ್ತಿ ಮಾಡಿದ ಒಳಮಾಡದು. ಹಂಚು ಬರುವ ಮೊದಲು ಮೇಲಿನ ಮಾಡು ಮುಳಿಹುಲ್ಲಿನದ್ದು. ಘಟ್ಟದ ಮೇಲಾದರೆ ಅಡಿಕೆಯ ಸೋಗೆಯದ್ದು. ಮಾಡಿಗೆ ಬೆಂಕಿ ಬಿದ್ದರೆ ಹುಲ್ಲು ಉರಿದು ಬೂದಿಯಾಗಿ ಮಣ್ಣಿನ ಮೇಲೆ ಬೀಳುತ್ತಿತ್ತು. ಕೆಳಗಿನ ಕೋಣೆಯಲ್ಲಿದ್ದ ಜನ, ಧಾನ್ಯ, ದಾಖಲೆಗಳು ಉಳಿಯುತ್ತಿದ್ದವು. ಮಣ್ಣಿಗೆ ಈ ಶಕ್ತಿ ಹೇಗೆ ಬಂತು? ಅದೂ ಜೇಡಿಯೇ. ಕೆಯೊಲಿನೈಟಿನ ತೂಕದಲ್ಲಿ ಸುಮಾರು ನೂರಕ್ಕೆ 14 ಭಾಗ ಹರಳಿನೊಳಗೆ ಬಂಧಿಯಾದ ನೀರು. ಅದು ಹೊರಬರಲು 500 ಡಿಗ್ರಿಯ ಮೇಲಿನ ಶಾಖ ಬೇಕು. ಶಾಖ ತಡೆಯ ಲೆಕ್ಕವನ್ನು ಮುಚ್ಚಿಗೆಗೂ ಹಾಕಿ ನೋಡಿದೆ: ಒಂದು ಅಂಗುಲದ ಮರಕ್ಕೆ 0.17, ಮೂರು ಅಂಗುಲದ ಮಣ್ಣಿಗೆ 0.1, ಒಟ್ಟು 0.27. ಗುತ್ತಿಗೆದಾರರ ಹಲಗೆಯ ಮೂರು ಪಟ್ಟಿಗಿಂತ ಹೆಚ್ಚು. ಮೇಲೆ ಹಂಚಿನ ಸಂದುಗಳಲ್ಲಿ ಗಾಳಿಯಾಡುವ ಅಟ್ಟ ಬೇರೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹುಲ್ಲಿನ ಮಾಡು ನಿಧಾನವಾಗಿ ಮರೆಯಾಯಿತು. ಮುಚ್ಚಿಗೆ ಮಾತ್ರ ಉಳಿಯಿತು. ಹಂಚಿನ ಜೇಡಿಗಾಗಿ ನದೀಬಯಲುಗಳ ಗದ್ದೆಗಳನ್ನು ಅಗೆದದ್ದು ಇನ್ನೊಂದು ಕತೆ. ಹಳೆಯದೆಲ್ಲ ನಿರ್ದೋಷಿ ಎಂದು ನಾನು ಹೇಳುವುದಿಲ್ಲ.

ಮುಚ್ಚಿಗೆಯ ಮಿತಿಯನ್ನೂ ಹೇಳಬೇಕು. ಅದು ಮೇಲಿನಿಂದ ಬೀಳುವ ಬೆಂಕಿಗೆ ಕಟ್ಟಿದ ರಕ್ಷಣೆ. ಇಂದಿನ ಬೆಂಕಿ ಕೆಳಗಿನಿಂದ, ಕೋಣೆಯೊಳಗಿನಿಂದಲೇ ಏಳುತ್ತದೆ: ಅಡಿಗೆ ಅನಿಲ, ಹಳೆಯ ತಂತಿ, ಇನ್ವರ್ಟರ್, ರಾತ್ರಿಯಿಡೀ ಚಾರ್ಜಿಗೆ ಹಾಕಿದ ಸ್ಕೂಟರ್. ಗಟ್ಟಿಮರ ನಿಮಿಷಕ್ಕೆ ಅರ್ಧ ಮಿಲಿಮೀಟರಿನಂತೆ ಇದ್ದಿಲಾಗುತ್ತ ಹೋಗುತ್ತದೆ. ಹಲಗೆಗಳ ಸಂದು ಬಿಟ್ಟಿದ್ದರೆ ಇನ್ನೂ ಬೇಗ. ಆದ್ದರಿಂದ ಅಡಿಗೆಮನೆಯ ಒಲೆಯ ಮೇಲಿನ ಮುಚ್ಚಿಗೆಯ ಕೆಳಮೈಗೆ ವರ್ಮಿಕ್ಯುಲೈಟ್ ಹಲಗೆ ಹೊದಿಸುವುದಾದರೆ ನಾನು ಬೇಡವೆನ್ನಲಾರೆ. ಹಳೆಯದೂ ಹೊಸದೂ ಅಲ್ಲಿ ಒಂದಕ್ಕೊಂದು ಒದಗುತ್ತವೆ.

ಈಗ ಮೂರನೆಯ ಸಂಗತಿ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಲಿಬ್ಬಿ ಎಂಬ ಸಣ್ಣ ಪಟ್ಟಣವಿದೆ. ಸುತ್ತಲೂ ಬೆಟ್ಟ, ಕಾಡು, ನದಿ; ನಮ್ಮ ಕುದುರೆಮುಖದ ಕಡೆಯವರಿಗೆ ಪರಿಚಿತವೆನ್ನಿಸುವಂತಹ ಊರು. ಅಲ್ಲಿಯ ಬೆಟ್ಟವೊಂದರಲ್ಲಿ ಜಗತ್ತಿನಲ್ಲಿಯೇ ದೊಡ್ಡದೆನಿಸಿದ್ದ ವರ್ಮಿಕ್ಯುಲೈಟ್ ಗಣಿಯಿತ್ತು. 1963ರಲ್ಲಿ ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿ ಅದನ್ನು ಕೊಂಡು 1990ರವರೆಗೆ ನಡೆಸಿತು. ಆ ಅದಿರಿನೊಂದಿಗೆ ಟ್ರೆಮೋಲೈಟ್ ಗುಂಪಿನ ಆಸ್ಬೆಸ್ಟಾಸ್ ನಾರು ಬೆರೆತಿತ್ತು. ಗಣಿಯ ದೂಳು ಕೆಲಸಗಾರರ ಬಟ್ಟೆಯಲ್ಲಿ ಮನೆಗೆ ಬಂತು; ಬಟ್ಟೆ ಒಗೆದ ಹೆಂಡತಿಯರಿಗೆ, ಅಪ್ಪನ ಮಡಿಲಿಗೆ ಓಡಿದ ಮಕ್ಕಳಿಗೆ ಶ್ವಾಸಕೋಶದ ಕಾಯಿಲೆ ಬಂತು. ಆಟದ ಮೈದಾನದ ಪಕ್ಕದಲ್ಲಿ ಸುರಿದಿದ್ದ ಮಿನುಗುವ ರಾಶಿಯಲ್ಲಿ ಮಕ್ಕಳು ಆಡಿದರು. ಶಾಲೆಯ ಓಟದ ಪಥಕ್ಕೂ ಗಣಿಯ ತ್ಯಾಜ್ಯವನ್ನೇ ಹಾಸಿದ್ದರು. ಆಸ್ಬೆಸ್ಟಾಸ್ ನಾರು ಒಳಹೊಕ್ಕು ರೋಗವಾಗಿ ತೋರಲು 20ರಿಂದ 40 ವರ್ಷ ಹಿಡಿಯುವುದರಿಂದ ಊರಿನವರಿಗೆ ಸಾವುಗಳ ನಂಟು ಬೇಗ ಗೊತ್ತಾಗಲಿಲ್ಲ. 1999ರ ನವೆಂಬರಿನಲ್ಲಿ ಸಿಯಾಟಲ್ ನಗರದ ಪತ್ರಿಕೆಯೊಂದು ಸರಣಿ ವರದಿಗಳನ್ನು ಪ್ರಕಟಿಸಿದ ಮೇಲೆ ಸರ್ಕಾರ ಎಚ್ಚೆತ್ತಿತು. 2001ರಲ್ಲಿ ಕಂಪನಿ ದಿವಾಳಿ ಕಾನೂನಿನ ಆಶ್ರಯ ಪಡೆಯಿತು. 2009ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಲಿಬ್ಬಿಯಲ್ಲಿ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿಯನ್ನು ಘೋಷಿಸಿತು. ಅದೇ ವರ್ಷ ಕಂಪನಿಯ ಮೇಲಿನ ಕ್ರಿಮಿನಲ್ ಮೊಕದ್ದಮೆ ಖುಲಾಸೆಯಲ್ಲಿ ಮುಗಿಯಿತು. ಸತ್ತವರು ನೂರಾರು. ಆ ಗಣಿಯ ವರ್ಮಿಕ್ಯುಲೈಟನ್ನು ಶಾಖ ತಡೆಗೆಂದು ಅಟ್ಟದಲ್ಲಿ ಸುರಿದುಕೊಂಡ ಅಮೆರಿಕದ ಮನೆಗಳು ಲೆಕ್ಕವಿಲ್ಲದಷ್ಟಿವೆ. ಅದನ್ನು ಕೆದಕಬೇಡಿ, ಮುಟ್ಟಬೇಡಿ ಎಂಬುದು ಅಲ್ಲಿಯ ಸರ್ಕಾರ ಮನೆಯವರಿಗೆ ಕೊಡುವ ಸಲಹೆ.

ಎಲ್ಲ ವರ್ಮಿಕ್ಯುಲೈಟಿನಲ್ಲಿಯೂ ಆಸ್ಬೆಸ್ಟಾಸ್ ಇರುತ್ತದೆಂದು ಇದರಿಂದ ತಿಳಿಯಬಾರದು. ಅದು ಗಣಿಯಿಂದ ಗಣಿಗೆ ಬದಲಾಗುವ ಸಂಗತಿ. ದಕ್ಷಿಣ ಆಫ್ರಿಕದ ಪಲಬೋರಾದ ದೊಡ್ಡ ಗಣಿಗೆ ಲಿಬ್ಬಿಯ ಕಳಂಕವಿಲ್ಲ. ನಮ್ಮ ನೆರೆಯ ತಮಿಳುನಾಡಿನ ತಿರುಪತ್ತೂರಿನ ಬಳಿ ಸೆವ್ವಾತ್ತೂರಿನಲ್ಲಿ ಆ ರಾಜ್ಯ ಸರ್ಕಾರದ ಗಣಿ ಸಂಸ್ಥೆ ವರ್ಮಿಕ್ಯುಲೈಟ್ ತೆಗೆದಿದೆ. ಆಂಧ್ರಪ್ರದೇಶದ ನೆಲ್ಲೂರಿನ ಅಭ್ರಕದ ನಾಡಿನಲ್ಲಿಯೂ ಅದು ದೊರೆಯುತ್ತದೆ. ಒಂದು ಹಲಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಬಣ್ಣದಿಂದಾಗಲಿ ಮಿನುಗಿನಿಂದಾಗಲಿ ಹೇಳಲಾಗದು. ಯಾವ ಗಣಿಯ ಸಾಮಗ್ರಿ, ಯಾವ ಪ್ರಯೋಗಾಲಯದಲ್ಲಿ ನಾರಿಗಾಗಿ ಪರೀಕ್ಷೆ ಆಗಿದೆ ಎಂಬ ಕಾಗದದಿಂದಲೇ ಹೇಳಬೇಕು. ಮಿತ್ರರ ಮನೆಯಲ್ಲಿದ್ದ ತುಂಡಿನ ಹಿಂಬದಿಯಲ್ಲಿ ತಯಾರಕರ ಹೆಸರೂ ಇರಲಿಲ್ಲ.

ಇದು ಅತಿಯಾದ ಶಂಕೆಯೆಂದು ಕೆಲವರಿಗೆ ತೋರಬಹುದು. ಆಸ್ಬೆಸ್ಟಾಸಿನ ವಿಷಯದಲ್ಲಿ ನಮ್ಮ ದೇಶದ ನಡವಳಿಕೆಯನ್ನು ನೋಡಿದವರಿಗೆ ಹಾಗೆ ತೋರಲಾರದು. 1986ರಲ್ಲಿಯೇ ಹೊಸ ಆಸ್ಬೆಸ್ಟಾಸ್ ಗಣಿ ಗುತ್ತಿಗೆಗಳನ್ನು ಕೊಡುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. 1995ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ರಕ್ಷಣೆ ಅವರ ಮೂಲಭೂತ ಹಕ್ಕು ಎಂದಿತು. ಆದರೂ ಬಿಳಿ ಆಸ್ಬೆಸ್ಟಾಸನ್ನು ಹೊರದೇಶಗಳಿಂದ ತರಿಸಿ ಸಿಮೆಂಟ್ ಶೀಟ್ ಮಾಡುವುದು ನಿಲ್ಲಲಿಲ್ಲ. ನಮ್ಮ ಕೊಟ್ಟಿಗೆ, ಬಚ್ಚಲು, ಎಷ್ಟೋ ಶಾಲೆಗಳ ಬಿಸಿಯೂಟದ ಕೋಣೆಗಳ ಮೇಲೆ ಇರುವುದು ಅದೇ. ಒಳಮಾಡು ಹಾಕಿಸುವಾಗ ಅಂತಹ ಶೀಟಿಗೆ ಡ್ರಿಲ್ ಹಾಕಿ ತೂತು ಕೊರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊರೆಯುತ್ತಿದ್ದ ಹುಡುಗ ಮುಖಕ್ಕೆ ಒಂದು ಕರವಸ್ತ್ರವನ್ನೂ ಕಟ್ಟಿರಲಿಲ್ಲ.

ನಾನು ಕೃಷಿ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಸಸಿ ತಟ್ಟೆಗಳಿಗೆ ತೆಂಗಿನ ನಾರಿನ ಪುಡಿಯೊಂದಿಗೆ ವರ್ಮಿಕ್ಯುಲೈಟ್ ಬೆರೆಸುವುದು ನಮ್ಮ ನಿತ್ಯದ ಕೆಲಸವಾಗಿತ್ತು. ಚೀಲವನ್ನು ಎತ್ತಿ ಸುರಿದರೆ ಕೋಣೆಯ ತುಂಬ ಹೊನ್ನಿನ ದೂಳು. ಬರಿಗೈ, ಬರಿಮೂಗು. ಲಿಬ್ಬಿಯ ಸುದ್ದಿ ಆಗಲೇ ಜಗತ್ತಿಗೆ ತಿಳಿದಿತ್ತು. ತೋಟಗಾರಿಕೆಯ ವರ್ಮಿಕ್ಯುಲೈಟನ್ನು ಗಾಳಿಯಾಡುವ ಕಡೆ, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು ಬಳಸಿರೆಂದು ಅಮೆರಿಕದ ಅದೇ ಸಂಸ್ಥೆ 2000ದಲ್ಲಿ ಹೇಳಿಯೂ ಆಗಿತ್ತು. ನಮ್ಮ ಪಾಠದ ಕೋಣೆಗೆ ಅದು ತಲುಪಿರಲಿಲ್ಲ. ನಮ್ಮ ಚೀಲದ ಸಾಮಗ್ರಿ ಶುದ್ಧವಾಗಿಯೇ ಇದ್ದಿರಬಹುದು. ಆದರೆ ಶುದ್ಧವೆಂದು ತಿಳಿಸುವ ಒಂದು ಅಕ್ಷರವೂ ಚೀಲದ ಮೇಲಿರಲಿಲ್ಲ, ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಇಂದು ಸಸ್ಯಕ್ಷೇತ್ರಗಳಲ್ಲಿ, ಸ್ತ್ರೀಶಕ್ತಿ ಸಂಘಗಳ ಸಸಿಮಡಿಗಳಲ್ಲಿ ಇದನ್ನು ಬೆರೆಸುತ್ತಿರುವ ಕೈಗಳು ಬಹುಮಟ್ಟಿಗೆ ಹೆಣ್ಣುಮಕ್ಕಳವು. ಅವರಿಗೆ ಹೇಳುವುದಿಷ್ಟು: ಮೊದಲು ನೀರು ಚಿಮುಕಿಸಿ, ಆಮೇಲೆ ಬೆರೆಸಿ; ಕೆಲಸದ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ.

ಹಲಗೆ ಕತ್ತರಿಸುವ ಕೆಲಸಗಾರರಿಗೂ ಇದೇ ಮಾತು ಸಲ್ಲುತ್ತದೆ. ಮನೆಯ ಯಜಮಾನನಿಗೆ ಹಲಗೆಯಿಂದ ಬರುವ ಅಪಾಯ ಕಡಿಮೆ. ಬಿಗಿದ ಮೇಲೆ ಅದು ಸುಮ್ಮನಿರುತ್ತದೆ. ಯಂತ್ರದ ಗರಗಸದಿಂದ ದಿನಕ್ಕೆ ಇಪ್ಪತ್ತು ಹಲಗೆ ಕೊಯ್ಯುವ ಹುಡುಗನ ಶ್ವಾಸಕೋಶಕ್ಕೆ ದೂಳು ಸೇರುತ್ತದೆ. ಆಸ್ಬೆಸ್ಟಾಸ್ ಇಲ್ಲದಿದ್ದರೂ ಖನಿಜದ ಸೂಕ್ಷ್ಮ ದೂಳು ಒಳ್ಳೆಯದಲ್ಲ. ಹೊರಗಿನ ಅಂಗಳದಲ್ಲಿ, ನೀರು ಹಾಕಿ, ಸರಿಯಾದ ಮುಖಗವಸು ತೊಟ್ಟು ಕೊಯ್ಯಬೇಕೆಂದು ಕರಾರು ಮಾಡುವುದು ಮನೆ ಕಟ್ಟಿಸುವವರ ಹೊಣೆ.

ಸ್ಥಳೀಯವಾಗಿ ಇದಕ್ಕೆ ಬದಲಿ ಏನೂ ಇಲ್ಲವೇ ಎಂದು ಸಭೆಗಳಲ್ಲಿ ಕೇಳುತ್ತಾರೆ. ನನ್ನ ಗಮನ ಹೋಗುವುದು ಕಾರ್ಕಳದ ಅಕ್ಕಿ ಗಿರಣಿಗಳ ಕಡೆಗೆ. ಕುಚ್ಚಲಕ್ಕಿಗಾಗಿ ಭತ್ತ ಬೇಯಿಸಲು ಗಿರಣಿಯವರು ಉಮಿಯನ್ನೇ ಉರಿಸುತ್ತಾರೆ. ನೂರು ಕಿಲೋ ಭತ್ತದಿಂದ ಸುಮಾರು 20 ಕಿಲೋ ಉಮಿ, ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಆ ಬೂದಿಯ ನೂರಕ್ಕೆ 85 ಭಾಗಕ್ಕಿಂತ ಹೆಚ್ಚು ಸಿಲಿಕ. ಉರಿಯುವುದೆಲ್ಲ ಉರಿದುಹೋದ ಮೇಲೆ ಉಳಿದ ಹಗುರವಾದ, ರಂಧ್ರಮಯ ವಸ್ತುವದು. ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಉಕ್ಕು ತಣಿಯದಂತೆ ಅದರ ಮೇಲೆ ಹರಡುವುದು ಈ ಉಮಿಬೂದಿಯನ್ನೇ. ಇದನ್ನು ಸುಣ್ಣ ಅಥವಾ ಸಿಮೆಂಟಿನೊಂದಿಗೆ ಸೇರಿಸಿ ಉರಿಯದ ಹಲಗೆ ಮಾಡುವುದು ಅಸಾಧ್ಯದ ಕೆಲಸವಲ್ಲ. ಆದರೆ ಅತಿ ಶಾಖದಲ್ಲಿ ಸುಟ್ಟ ಬೂದಿಯಲ್ಲಿ ಸಿಲಿಕ ಹರಳುಗಟ್ಟುತ್ತದೆ, ಆ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಆದ್ದರಿಂದ ಹಿತ್ತಿಲಿನಲ್ಲಿ ಮಾಡುವ ಪ್ರಯೋಗವಿದಲ್ಲ. ಮಣಿಪಾಲ, ಸುರತ್ಕಲ್ಲುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಅಂತಿಮ ವರ್ಷದ ಯೋಜನೆಗೆ ಎತ್ತಿಕೊಳ್ಳಲು ತಕ್ಕ ವಿಷಯ.

ಅಲ್ಲಿಯವರೆಗೆ ವರ್ಮಿಕ್ಯುಲೈಟ್ ಹಲಗೆಯನ್ನು ಎಲ್ಲಿ ಬಳಸಬೇಕು? ಬೆಂಕಿಯ ಭಯ ನಿಜವಾಗಿ ಇರುವ ಕಡೆ, ಅಳತೆಗೆ ತಕ್ಕಷ್ಟು. ಆಸ್ಪತ್ರೆಯ ವಾರ್ಡುಗಳ ನಡುವಿನ ಬಾಗಿಲು, ವಿದ್ಯುತ್ ನಾಳ, ಶಾಲೆಯ ಪ್ರಯೋಗಾಲಯದ ಅನಿಲ ಕೋಣೆ. 2024ರ ನವೆಂಬರಿನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜಿನ ನವಜಾತ ಶಿಶುಗಳ ಘಟಕದಲ್ಲಿ ಹತ್ತು ಕೂಸುಗಳು ಬೆಂಕಿಗೆ ಬಲಿಯಾದ ಸುದ್ದಿಯನ್ನು ಓದಿದ ಮೇಲೆ ಇಂತಹ ಕಡೆ ಖರ್ಚಿನ ಮಾತೆತ್ತಲು ನನಗೆ ಮನಸ್ಸಾಗದು. ನಮ್ಮ ಊರುಗಳಲ್ಲಾದರೆ ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡು, ಕೊಬ್ಬರಿ ಮತ್ತು ಏಲಕ್ಕಿಯ ಒಣಗೂಡು. ಕಾರ್ಕಳ, ಬೆಳ್ತಂಗಡಿಯ ಕಡೆ ರಬ್ಬರಿನ ಹೊಗೆಗೂಡಿಗೆ ಬೆಂಕಿ ಬಿದ್ದು ಒಂದು ಹಂಗಾಮಿನ ಶೀಟು ಪೂರ್ತಿ ಹೋಯಿತೆಂಬ ಮಾತು ಹೊಸದಲ್ಲ. ಒಲೆಯ ಭಾಗಕ್ಕೂ ಶೀಟು ನೇತುಹಾಕುವ ಭಾಗಕ್ಕೂ ನಡುವೆ ಮೂರೋ ನಾಲ್ಕೋ ಹಲಗೆ ಸಾಕು. ಇಡೀ ಮನೆಯ ಒಳಮಾಡಿಗೆ ಹೊದಿಸುವ ಹಲಗೆಗಳಲ್ಲಿ ಹತ್ತು ಹೊಗೆಗೂಡುಗಳು ಉಳಿದಾವು.

ಮಿತಿಯ ಮಾತನ್ನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಹಲಗೆ ಅಂಗಡಿಯಲ್ಲಿ ಹುಟ್ಟುವುದಿಲ್ಲ, ಯಾವುದೋ ಬೆಟ್ಟದಲ್ಲಿ ಹುಟ್ಟುತ್ತದೆ. ಕುದುರೆಮುಖದ ಅದಿರಿನ ಗಣಿ 2005ರ ಡಿಸೆಂಬರ್ 31ಕ್ಕೆ ನಿಲ್ಲುವವರೆಗೆ ನಮ್ಮ ಸಂಘಟನೆಗಳು ನಡೆಸಿದ ಹೋರಾಟ ಈ ಪುಟಗಳ ಓದುಗರಿಗೆ ಗೊತ್ತಿದೆ. ಭದ್ರೆಯಲ್ಲಿ ಕೆಂಪು ನೀರು ಹರಿದಾಗ ಕಣ್ಣೀರು ಹಾಕಿದ ನಾವು, ತಿರುಪತ್ತೂರಿನದೋ ನೆಲ್ಲೂರಿನದೋ ಬೆಟ್ಟವನ್ನು ನಮ್ಮ ಮಲಗುವ ಕೋಣೆಯ ಮಾಡಿಗೆ ಅಂಟಿಸಿಕೊಳ್ಳುವಾಗ ಒಂದು ಗಳಿಗೆ ಯೋಚಿಸಬೇಕಲ್ಲವೇ?

ಸೆಕೆಗೆ ಬೇರೆ ದಾರಿಗಳಿವೆ, ಅವು ಅಗ್ಗವೂ ಹೌದು. ತಾರಸಿಯ ಮೇಲ್ಮೈಗೆ ಬೇಸಿಗೆಯ ಮೊದಲು ಸುಣ್ಣ ಬಳಿಯುವುದು. ಮಳೆಗಾಗಿ ತಾರಸಿಯ ಮೇಲೆ ಹೇಗೂ ಕಟ್ಟುವ ತಗಡಿನ ಮಾಡನ್ನು ತುಸು ಎತ್ತರಿಸಿ ನಾಲ್ಕೂ ಕಡೆ ಗಾಳಿಗೆ ಬಿಡುವುದು. ಪಡುವಣ ಗೋಡೆಗೆ ಮರದ ನೆರಳು ಕೊಡುವುದು. ಬಿಸಿಲನ್ನು ತಾರಸಿಗೆ ಬೀಳದಂತೆ ಹೊರಗೇ ತಡೆಯಬೇಕು. ಕಾಂಕ್ರೀಟು ಕಾದ ಮೇಲೆ ಒಳಗಿನಿಂದ ತಡೆಯಹೊರಟರೆ ಅದು ಇನ್ನಷ್ಟು ಕಾಯುತ್ತದೆ.

ಸರ್ಕಾರದಿಂದ ನಾವು ಆಗ್ರಹಿಸಬೇಕಾದದ್ದು ದೊಡ್ಡದೇನಲ್ಲ. ಹಲಗೆಯಾಗಲಿ ಸಸಿಮಡಿಯ ಚೀಲವಾಗಲಿ, ವರ್ಮಿಕ್ಯುಲೈಟ್ ಇರುವ ಪ್ರತಿಯೊಂದು ಸರಕಿನ ಮೇಲೆ ಅದರ ಗಣಿಯ ಮೂಲವನ್ನೂ ಆಸ್ಬೆಸ್ಟಾಸ್ ಪರೀಕ್ಷೆಯ ಫಲಿತಾಂಶವನ್ನೂ ಕನ್ನಡದಲ್ಲಿ ಅಚ್ಚು ಹಾಕಬೇಕು. ಪಂಚಾಯತ್ ಹಣದಲ್ಲಿ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳಿಗೆ ಒಳಮಾಡು ಹಾಕಿಸುವಾಗ ಈ ಕಾಗದವಿಲ್ಲದೆ ಬಿಲ್ಲು ಪಾವತಿಯಾಗಬಾರದು. ಗ್ರಾಮಸಭೆಯಲ್ಲಿ ಎದ್ದು ಇದನ್ನು ಕೇಳಲು ಡಾಕ್ಟರೇಟ್ ಬೇಕಾಗಿಲ್ಲ.

ಮಿತ್ರರು ಹಳೆಯ ಮನೆಯನ್ನು ಕೆಡವಿ ಮುಚ್ಚಿಗೆಯ ಹಲಸಿನ ಹಲಗೆಗಳನ್ನು ಮರದ ವ್ಯಾಪಾರಿಗೆ ಮಾರುವ ಮಾತುಕತೆ ನಡೆಸಿದ್ದರಂತೆ. ಅದನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ಮಹಡಿಯ ಮೇಲಿನ ತಗಡಿನ ಮಾಡನ್ನು ಎರಡಡಿ ಎತ್ತರಿಸಿದ್ದಾರೆ. ಈಗ ಮಧ್ಯಾಹ್ನ ಅಲ್ಲಿ ಮಲ್ಲಿಗೆ ಕಟ್ಟಲು ಕುಳಿತುಕೊಳ್ಳಬಹುದೆಂದು ಅವರ ಮನೆಯವರು ಫೋನಿನಲ್ಲಿ ತಿಳಿಸಿದರು. ಇನ್ವರ್ಟರ್ ಇಟ್ಟಿರುವ ಮೂಲೆಗೂ ಅಡಿಗೆಮನೆಗೂ ಬೇಕಾದ ನಾಲ್ಕು ಹಲಗೆಗಳಿಗೆ ಪರೀಕ್ಷೆಯ ಕಾಗದ ತಂದುಕೊಡಿ ಎಂದು ಗುತ್ತಿಗೆದಾರರನ್ನು ಕೇಳಿದ್ದಾರೆ. ತರುತ್ತೇನೆಂದು ಹೋದವರು ಈ ಬರಹವನ್ನು ಮುಗಿಸುವವರೆಗೂ ಬಂದಿರಲಿಲ್ಲ.